ಹಸಿ ಕೈ, ಬೆಂದ ಕೈ

ಮಾಂಸ ತಿನ್ನುವುದನ್ನು ಬಿಟ್ಟ ಮೇಲೂ ಅದರ ಮೇಲಿನ ಅಧಿಕಾರ ಬಿಡದ ಹೆಂಗಸು ನನ್ನ ಅಜ್ಜಿ. ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಕೋಳಿ ಬಂತೆಂದರೆ ಅವಳು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು, ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತುಬಿಡುತ್ತಿದ್ದಳು. ಮುಟ್ಟುವಂತಿಲ್ಲ, ತಿನ್ನುವಂತಿಲ್ಲ, ಹಾಗೆಂದು ಸುಮ್ಮನಿರುವವಳೂ ಅಲ್ಲ. ಎದುರಿಗೆ ನಲ್ಲಿಕಟ್ಟೆಯ ಬಳಿ ಅಮ್ಮ ಕುಕ್ಕರಗಾಲಲ್ಲಿ ಕೂತು ಕೋಳಿ ಹಸನು ಮಾಡುತ್ತಿದ್ದರೆ, ಅಜ್ಜಿ ಸೆರಗಿನ ಹಿಂದಿನಿಂದಲೇ ಒಂದೊಂದು ತುಂಡಿಗೂ ಒಂದೊಂದು ತಪ್ಪು ಹುಡುಕುತ್ತಿದ್ದಳು. ಚರ್ಮ ಸರಿಯಾಗಿ ಸುಟ್ಟಿಲ್ಲ, ಪುಕ್ಕದ ಬುಡ ಉಳಿದಿದೆ, ಅರಿಶಿನ ಸಾಲದು. ಅವಳ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖವೇ ಮಸುಕಾಗಿದ್ದ ಕಾಲ ಅದು. ಆದರೂ ಪುಕ್ಕದ ಬುಡ ಹೇಗೆ ಕಾಣುತ್ತಿತ್ತೋ ದೇವರೇ ಬಲ್ಲ. ಅಮ್ಮ ತಿರುಗಿ ಮಾತಾಡುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಕೆಲಸ ಮುಂದುವರಿಸುತ್ತಿದ್ದಳು. ಸಾರು ಕುದಿಯಲು ಶುರುವಾಗುವವರೆಗೆ ನಾನು ಜೋರಾಗಿ ಉಸಿರು ಬಿಡಲೂ ಹೆದರುತ್ತಿದ್ದೆ.

ಅಮ್ಮನ ಪದ್ಧತಿಯೇ ಬೇರೆ. ಅವಳ ಅಪ್ಪ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಮಿಲಿಟರಿ ಹೋಟೆಲ್ ಇಟ್ಟಿದ್ದರು. ಮುದ್ದೆ, ಕಾಲ್ ಸೂಪು, ಕೋಳಿ ಸಾರಿನ ಆ ಹೋಟೆಲಿನ ಹಿಂಬದಿಯಲ್ಲೇ ಅವಳು ಬೆಳೆದದ್ದು. ಒಂದು ಸಲ ಅಲ್ಲಿ ಕೋಳಿ ಕೊಚ್ಚಿದ ಹಲಗೆಯ ಮೇಲೆಯೇ ಯಾರೋ ಈರುಳ್ಳಿ ಹೆಚ್ಚಿ ಎಲೆಗೆ ಬಡಿಸಿದ್ದರಂತೆ. ಉಂಡು ಹೋದವರು ವಾಂತಿ ಭೇದಿಯಾಗಿ ಮಲಗಿದರು. ಅವರಲ್ಲಿ ಒಬ್ಬಳು ಬಸುರಿ, ಅವಳ ಮಗು ಉಳಿಯಲಿಲ್ಲ. ಇದನ್ನು ಅಮ್ಮ ನನಗೆ ಹೇಳಿದ್ದು ಒಂದೇ ಒಂದು ಸಲ, ಅದೂ ಬೇರೆಲ್ಲೋ ನೋಡಿಕೊಂಡು. ಆಮೇಲೆ ತಾತ ತನ್ನ ಅಡಿಗೆಯವರಿಗೆ ಹಾಕಿದ ಕಟ್ಟಳೆ ಅಮ್ಮನ ಜೊತೆ ನಮ್ಮ ಮನೆಗೂ ಬಂತು. ಕೋಳಿ ಮುಟ್ಟಿದ್ದು ಹಸಿ ಕೈ, ಮುಟ್ಟದ್ದು ಬೆಂದ ಕೈ. ಹಸಿ ಕೈ ನಲ್ಲಿ ತಿರುಗಿಸಬಾರದು, ಉಪ್ಪಿನ ಡಬ್ಬ ತೆಗೆಯಬಾರದು, ಜಾರಿದ ಸೆರಗನ್ನು ಮೇಲೆ ಎಳೆದುಕೊಳ್ಳಲೂಬಾರದು. ಹಾಗಾಗಿ ಕೋಳಿ ಕೆಲಸಕ್ಕೆ ಯಾವಾಗಲೂ ಇಬ್ಬರು ಬೇಕು. ಅಮ್ಮ ಹಸಿ ಕೈ, ನಾನು ಬೆಂದ ಕೈ. ಕೇಳಿದಾಗ ಚೊಂಬಿನಿಂದ ನೀರು ಹುಯ್ಯುವುದು, ಮೆಣಸಿನ ಪುಡಿ ಉದುರಿಸುವುದು, ಅಮ್ಮನ ಮೂಗು ತುರಿಸಿದರೆ ಕೆರೆಯುವುದು, ಎಲ್ಲ ನನ್ನ ಪಾಲಿಗೆ. ಕೋಳಿಯನ್ನು ಅವಳು ಎಂದೂ ನಲ್ಲಿಯ ಕೆಳಗೆ ಹಿಡಿಯುತ್ತಿರಲಿಲ್ಲ. ಅಗಲ ಬೇಸಿನ್ನಿನಲ್ಲಿ ಉಪ್ಪು ಅರಿಶಿನದ ನೀರಿಟ್ಟು, ಒಂದೊಂದೇ ತುಂಡನ್ನು ಅದ್ದಿ, ಮೆಲ್ಲಗೆ ಎತ್ತಿ, ಸೋರಲು ಬಿಡುತ್ತಿದ್ದಳು. ನೀರು ಹಾರಬಾರದು ಎನ್ನುವುದೇ ಅವಳ ದೊಡ್ಡ ನೇಮ. ಕೆಲಸ ಮುಗಿದ ಮೇಲೆ ಚಾಕು, ಹಲಗೆ, ಕಲ್ಲು ಎಲ್ಲಕ್ಕೂ ಸೋಪು, ಅದರ ಮೇಲೆ ಹಂಡೆಯ ಕುದಿನೀರು.

ಇವತ್ತಿಗೂ ನನ್ನ ಅಡಿಗೆಮನೆಯಲ್ಲಿ ಇದೇ ಕಾನೂನು. ಕೋಳಿ ತಂದ ದಿನ ನನ್ನ ಮಗಳು ಬಾಗಿಲಲ್ಲಿ ನಿಂತು ‘ಡಾಕ್ಟ್ರೇ, ಪೇಷಂಟ್ ರೆಡಿನಾ?’ ಎಂದು ಗೇಲಿ ಮಾಡುತ್ತಾಳೆ. ಮಾಡಲಿ. ನೆಂಟರ ಮನೆಗೆ ಊಟಕ್ಕೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಸಿಂಕಿನ ಕಡೆಗೆ, ಆಮೇಲೆ ಅದರ ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿಯ ಕಡೆಗೆ. ಇದು ಒಳ್ಳೆಯ ಗುಣವೇನಲ್ಲ ಎಂದು ಗೊತ್ತು. ಆದರೆ ಐದನೇ ಕ್ಲಾಸಿನಲ್ಲಿದ್ದಾಗ ಕಂಡ ಒಂದು ಭಾನುವಾರ ಹೀಗೆ ಮೈಗೆ ಅಂಟಿಕೊಂಡಿದೆ, ಬಿಡಿಸಿಕೊಳ್ಳಲು ನಾನೂ ಅಂಥ ಪ್ರಯತ್ನ ಮಾಡಿಲ್ಲ.

ಆ ವರ್ಷ ಜಯತ್ತೆ ನಮ್ಮ ಮನೆಯಲ್ಲಿದ್ದಳು. ಜಯತ್ತೆ ಅಂದರೆ ಅಪ್ಪನ ತಂಗಿ, ಅಜ್ಜಿಯ ಒಬ್ಬಳೇ ಮಗಳು. ಶ್ರೀರಾಂಪುರದ ಗಂಡನ ಮನೆಯಲ್ಲಿ ಅವಳ ಮೊದಲ ಬಸುರು ಐದನೇ ತಿಂಗಳಿಗೇ ಹೋಗಿತ್ತು. ಒಂದೇ ಕೋಣೆಯ ಮನೆ ಅದು, ಮುಟ್ಟಾದವರು ಹೊರಗೆ ಕೂರಲು ಜಾಗವೇ ಇಲ್ಲ. ಅಲ್ಲಿ ಓರಗಿತ್ತಿ ಮುಟ್ಟಿನ ಕೈಯಲ್ಲಿ ಬಡಿಸಿದ ಅನ್ನ ತಿಂದದ್ದಕ್ಕೇ ಮಗು ಹೋಯಿತು ಎಂದು ಅಜ್ಜಿ ನಂಬಿಬಿಟ್ಟಳು. ಎರಡನೇ ಸಲ ಬಸುರಾದ ಸುದ್ದಿ ಬಂದದ್ದೇ ಮಗಳನ್ನು ಕರೆಸಿಕೊಂಡಳು, ಮಗು ನಿಲ್ಲಲಿ ಎಂದು ಹರಕೆ ಹೊತ್ತು ಮಾಂಸ ಬಿಟ್ಟಳು. ಕೋಳಿ ಸಾರಿಗೆ ಜೀವ ಬಿಡುತ್ತಿದ್ದವಳು, ಮೂಳೆ ಚೀಪಿ ಸದ್ದು ಮಾಡುವುದರಲ್ಲಿ ಅಪ್ಪನನ್ನೂ ಮೀರಿಸುತ್ತಿದ್ದವಳು! ಅದರ ಜೊತೆಗೆ ಮನೆಯ ಮುಟ್ಟಿನ ಕಟ್ಟುನಿಟ್ಟೂ ಏರಿತು. ಅಲ್ಲಿಯವರೆಗೆ ಅಮ್ಮ ಮೂರು ದಿನ ದೇವರ ಗೂಡಿನಿಂದ ದೂರ ಇದ್ದರೆ ಸಾಕಿತ್ತು. ಈಗ ಹಿತ್ತಲಲ್ಲಿ ಸೌದೆ ಒಟ್ಟಿದ ಶೀಟಿನ ಕೆಳಗೆ ಚಾಪೆ ಹಾಕಿಕೊಂಡು ಕೂರಬೇಕು, ಬೇರೆ ತಟ್ಟೆ, ಬೇರೆ ಲೋಟ. ಹೊಸ್ತಿಲು ದಾಟುವಂತಿಲ್ಲ. ಅವಳು ಮುಟ್ಟಿದ್ದನ್ನು ಯಾರೂ ತಿನ್ನುವಂತಿಲ್ಲ. ಅಮ್ಮ ಇದಕ್ಕೂ ಎದುರಾಡಲಿಲ್ಲ. ‘ನಮ್ಮ ಜಯಾಗೋಸ್ಕರ’ ಎಂದು ನನ್ನ ಹತ್ತಿರ ಹೇಳಿದಳು. ಆದರೆ ಚಾಪೆ ಹಾಸುವಾಗ ಅದನ್ನು ನೆಲಕ್ಕೆ ಬಡಿದು ಹಾಸಿದ್ದನ್ನು ನಾನು ನೋಡಿದೆ.

ಜಯತ್ತೆಗೆ ಆಗ ಆರು ತಿಂಗಳು ತುಂಬಿತ್ತು. ಮೈಯಲ್ಲಿ ರಕ್ತ ಕಡಿಮೆ, ಚೆನ್ನಾಗಿ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರೂ ಅವಳಿಗೆ ಅನ್ನ ಕಂಡರಾಗುತ್ತಿರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅಂಥವಳು ಶನಿವಾರ ಸಂಜೆ ಇದ್ದಕ್ಕಿದ್ದಂತೆ, ‘ಅಣ್ಣ, ರೆಕ್ಕೆ ತಿನ್ಬೇಕು ಅನ್ಸ್ತಿದೆ. ಬರೀ ರೆಕ್ಕೆ, ಮೆಣಸು ಹಾಕಿ ಹುರಿದಿದ್ದು’ ಎಂದಳು. ಬಸುರಿಯ ಬಯಕೆ, ಅದೂ ಇವಳದು! ಇಡೀ ಮನೆಗೆ ಜೀವ ಬಂದಂತಾಯಿತು. ಅಪ್ಪ ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿನ ತನ್ನ ತರಕಾರಿ ಮಂಡಿಯಿಂದ ಬರುವಾಗ ಕವರಿನ ತುಂಬ ಕೋಳಿ ರೆಕ್ಕೆ ತಂದ. ತಂದವನು ಹಿತ್ತಲಿಗೆ ಬಂದು ನೋಡಿದರೆ ಅಮ್ಮ ಶೀಟಿನ ಕೆಳಗೆ ಕೂತಿದ್ದಾಳೆ. ಅವತ್ತು ಬೆಳಿಗ್ಗೆಯಷ್ಟೇ ಹೊರಗಾಗಿದ್ದಳು. ಅಪ್ಪನಿಗೆ ಕೋಳಿ ತರುವುದು ಗೊತ್ತು, ತಿನ್ನುವುದು ಗೊತ್ತು, ನಡುವಿನದು ಏನೂ ಗೊತ್ತಿಲ್ಲ. ಟೊಮೇಟೊ ಲೋಡು ಬಂದಿದೆ ಎಂದು ಗೊಣಗಿ, ಕವರನ್ನು ನಲ್ಲಿಕಟ್ಟೆಯ ಮೇಲಿಟ್ಟು ಹೊರಟೇಹೋದ.

ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಬಿಸಿಲು ಏರುತ್ತಿತ್ತು. ಕೋಳಿ ಹಸನು ಮಾಡಲು ಬಲ್ಲ ಇಬ್ಬರು ಹೆಂಗಸರು ಆ ಕವರಿನ ಎರಡು ಬದಿಗೆ ಕೂತಿದ್ದರು. ಒಬ್ಬಳು ಹರಕೆ ಹೊತ್ತು ಮುಟ್ಟುವಂತಿಲ್ಲ, ಇನ್ನೊಬ್ಬಳು ಮುಟ್ಟಾಗಿ ಮುಟ್ಟುವಂತಿಲ್ಲ. ಬಸುರಿ ಹಸಿ ಮಾಂಸ ನೋಡಬಾರದೆಂದು ಜಯತ್ತೆಯನ್ನು ಅಜ್ಜಿ ಅಡಿಗೆಮನೆಯ ಒಳಗೇ ಕೂರಿಸಿದ್ದಳು. ಉಳಿದವಳು ನಾನು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಯಾವತ್ತೂ ಬೆಂದ ಕೈಯಾಗಿದ್ದವಳು ಅವತ್ತು ಹಸಿ ಕೈಯಾಗಬೇಕಾಯಿತು.

ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಅಮ್ಮ ದೂರದಿಂದ ಹೇಳಿದಳು, ನಾನು ಮಾಡಿದೆ. ರೆಕ್ಕೆಯ ಚರ್ಮದಲ್ಲಿ ಉಳಿದ ಸಣ್ಣ ಪುಕ್ಕಗಳನ್ನು ಚಿಮಟದಿಂದ ಕಿತ್ತೆ. ಹಿತ್ತಲಿಗೆ ತಂದಿಟ್ಟ ಸೀಮೆಎಣ್ಣೆ ಸ್ಟವ್‌ನ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟೆ. ಕೂದಲು ಸುಟ್ಟ ವಾಸನೆಗೆ ಅಜ್ಜಿಯ ಸೆರಗು ಇನ್ನೊಂದು ಮಡಿಕೆಯಾಯಿತು. ಕೀಲು ಹುಡುಕಿ ಕತ್ತರಿಸುವುದು ಕಷ್ಟ. ‘ಮೂಳೆ ಮೇಲೆ ಇಡ್ಬೇಡ, ಬಗ್ಸಿ ನೋಡು, ಎಲ್ಲಿ ಬಗ್ಗತ್ತೋ ಅಲ್ಲಿ’ ಎಂದು ಅಮ್ಮ ಕೂತಲ್ಲೇ ತನ್ನ ಮೊಣಕೈ ಬಗ್ಗಿಸಿ ತೋರಿಸಿದಳು. ಕೈಯೆಲ್ಲ ಜಿಡ್ಡು, ಚಾಕು ಜಾರುತ್ತಿತ್ತು. ಅಷ್ಟರಲ್ಲಿ ಜಯತ್ತೆ ಒಳಗಿನಿಂದ ಹಸಿವು ಎಂದಳು. ವಾರದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಆ ಮಾತು ಬಂದಿತ್ತು. ಅಜ್ಜಿ ಸಂಭ್ರಮದಿಂದ ಎದ್ದು, ಎಳೆ ಸೌತೆಕಾಯಿ ಹೆಚ್ಚಿ, ತಟ್ಟೆಯಲ್ಲಿ ಹರಡಿ, ಉಪ್ಪು ಉದುರಿಸಿ, ನೀರು ಬಿಡಲೆಂದು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಅದು ನಲ್ಲಿಗೆ ಒಂದು ಮಾರು ದೂರ. ಆಮೇಲೆ ನನ್ನ ಕಡೆ ತಿರುಗಿದಳು.

“ಇನ್ನೇನು ನೋಡ್ತಾ ಕೂತಿದೀಯ? ನಲ್ಲಿ ಕೆಳಗೆ ಹಿಡಿದು ತೊಳಿ. ನೀರು ನಿಂತೋಗೋ ಹೊತ್ತಾಯ್ತು.”

“ನಲ್ಲಿ ಬೇಡ ಅತ್ತೆ,” ಅಮ್ಮ ಶೀಟಿನ ಕೆಳಗಿನಿಂದ ಹೇಳಿದಳು. “ಬೇಸಿನ್ನಲ್ಲಿ ಅದ್ದಿ ತೆಗೀಲಿ. ನೀವು ಒಂದ್ ಚೊಂಬು ನೀರು ಹುಯ್ದು ಕೊಡಿ, ಸಾಕು.”

“ನಾನಾ? ಆ ನೀರು ನನ್ ಕಾಲಿಗೆ ಬಿದ್ರೆ ನನ್ ಹರಕೆ ಗತಿ ಏನು? ನಿಮ್ಮಪ್ಪನ ಹೋಟ್ಲು ಥರ ಅಲ್ಲ ಇದು, ಸಂಸಾರಸ್ಥರ ಮನೆ. ಧಾರೆ ನೀರಲ್ಲಿ ತೊಳೆದ್ರೇನೇ ಕೊಳೆ ಹೋಗೋದು. ಬಿಡೇ ನಲ್ಲೀನ!”

ಕಾರ್ಪೊರೇಷನ್ ನೀರು ಬಿಟ್ಟ ಹೊತ್ತಿನಲ್ಲಿ ನಮ್ಮ ಹಿತ್ತಲ ನಲ್ಲಿಗೆ ಭಾರಿ ರಭಸ. ಅಜ್ಜಿ ಮತ್ತೊಮ್ಮೆ ಗದರಿದಳು, ನಾನು ಮೊಣಕೈಯಿಂದ ನಲ್ಲಿ ತಿರುಗಿಸಿದೆ. ಬೇಸಿನ್ನಿನಲ್ಲಿ ರಾಶಿಯಾಗಿದ್ದ ರೆಕ್ಕೆಗಳ ಮೇಲೆ ನೀರು ಬಿದ್ದು ನಾಲ್ಕೂ ಕಡೆ ಸಿಡಿಯಿತು. ನನ್ನ ಮುಖಕ್ಕೆ, ಲಂಗಕ್ಕೆ, ಕಲ್ಲಿಗೆ, ಗೋಡೆಗೆ. ಅಮ್ಮ ‘ನಿಲ್ಸೇ, ನಿಲ್ಸು!’ ಎಂದು ಕೂಗುವಷ್ಟರಲ್ಲಿ ಕಟ್ಟೆಯ ಮೇಲಿನ ಸೌತೆಕಾಯಿಯ ತಟ್ಟೆಯ ಮೇಲೂ ಹನಿಗಳು ಬಿದ್ದಿದ್ದವು. ಹಸಿರು ಬಿಲ್ಲೆಗಳ ಮೇಲೆ ತೆಳು ಕೆಂಪು ಹನಿ. ನನಗೂ ಕಂಡಿತು, ಅಮ್ಮನಿಗೂ ಕಂಡಿತು. ಅಜ್ಜಿಗೆ ಕಾಣಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೊರಟಳು.

“ಅತ್ತೆ, ಅದನ್ನ ಕೊಡ್ಬೇಡಿ. ಹಸಿ ಕೋಳಿ ನೀರು ಬಿದ್ದಿದೆ ಅದ್ರ ಮೇಲೆ.”

ಅಜ್ಜಿ ನಿಂತಳು. ತಟ್ಟೆಯನ್ನು ಕಣ್ಣ ಹತ್ತಿರ ತಂದು ನೋಡಿ, ಮೂಗಿನಿಂದ ದೂರ, ಅಂಚಿನಲ್ಲಷ್ಟೇ ಹಿಡಿದಳು. ಆಮೇಲೆ ನಿರಾಳವಾಗಿ ಹೇಳಿದಳು:

“ಬಿದ್ರೆ ಬೀಳ್ಲಿ ಬಿಡು. ನಾನೇನು ತಿನ್ತೀನಾ? ತಿನ್ನೋಳು ಅವ್ಳು. ಇನ್ನೊಂದ್ ಗಂಟೆ ಬಿಟ್ಟು ಅದೇ ಕೋಳೀನ ತಾನೆ ಬಾಯಿಗೆ ಹಾಕ್ಕೊಳ್ಳೋದು? ಅವ್ಳಿಗೆಂಥ ಮೈಲಿಗೆ?”

ಅಜ್ಜಿಯ ಲೆಕ್ಕದಲ್ಲಿ ಇದು ತಪ್ಪೇ ಅಲ್ಲ. ಮಾಂಸ ಬಿಟ್ಟವರಿಗೆ ಒಂದು ಹನಿಯೂ ಮೈಲಿಗೆ, ತಿನ್ನುವವರಿಗೆ ಇಡೀ ಕೋಳಿಯೂ ಅಲ್ಲ. ಬೆಂದ ಕೋಳಿ, ಹಸಿ ಕೋಳಿ ಎಂಬ ಭೇದ ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಅಮ್ಮ ಎದ್ದು ನಿಂತಳು. ‘ಬೆಂದಿದ್ದು ಬೇರೆ ಅತ್ತೆ, ಹಸೀದು ಬೇರೆ. ಹೊಟ್ಟೆ ಕೆಡತ್ತೆ, ಬಸುರಿ ಅವ್ಳು, ಮಗೂಗೆ ಆಗ್ಬರಲ್ಲ’ ಎಂದು ಒಂದೇ ಉಸಿರಿಗೆ ಹೇಳಿದಳು. ‘ಮಗು ವಿಷ್ಯ ನೀನು ನನಗೆ ಹೇಳ್ಕೊಡ್ಬೇಡ, ನೀನು ಮೊದ್ಲು ದೂರ ಕೂತ್ಕೋ’ ಎಂದು ಅಜ್ಜಿ ಒಳಗೆ ಹೋದಳು. ಜಯತ್ತೆ ಗೋಡೆಗೆ ಒರಗಿ ಕೂತಿದ್ದಳು. ಅಜ್ಜಿ ತಟ್ಟೆಯನ್ನು ಅವಳ ಮುಂದಿಟ್ಟಳು. ‘ಅತ್ತಿಗೆ ಏನೋ ಹೇಳ್ತಿದಾರಲ್ಲವ್ವ’ ಎಂದಳು ಅವಳು. ‘ಅವ್ಳದು ಯಾವಾಗ್ಲೂ ಇದ್ದಿದ್ದೇ, ನೀನು ತಿನ್ನು, ಹಸಿದಿದೀಯ’ ಎಂದಳು ಅಜ್ಜಿ. ಹಿಂದಿನ ಮಗುವನ್ನು ಕಳೆದುಕೊಂಡ ಮೇಲೆ ಜಯತ್ತೆ ಅಜ್ಜಿಯ ಮಾತಿಗೆ ಎದುರು ಹೇಳಿದವಳೇ ಅಲ್ಲ. ಅವಳ ಕೈ ತಟ್ಟೆಯ ಕಡೆ ಹೋಯಿತು.

ಅಮ್ಮ ಓಡಲಿಲ್ಲ. ನಡೆದೇ ಬಂದಳು. ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ದೇವರ ಗೂಡಿನ ಮುಂದೆಯೇ ಹಾದು, ಬಗ್ಗಿ, ತನ್ನ ಎರಡೂ ಅಂಗೈಗಳನ್ನು ಸೌತೆಕಾಯಿಯ ಮೇಲೆ ಊರಿಬಿಟ್ಟಳು. ಜಯತ್ತೆಯ ಬೆರಳು ಅಲ್ಲೇ ಗಾಳಿಯಲ್ಲಿ ನಿಂತಿತು. ಹಿತ್ತಲಲ್ಲಿ ನಲ್ಲಿ ಇನ್ನೂ ಸುರಿಯುತ್ತಿದ್ದುದು ಕೇಳುತ್ತಿತ್ತು. ಅಮ್ಮ ಮುಟ್ಟಿದ್ದನ್ನು ಈಗ ಅಜ್ಜಿಯ ಕಾನೂನಿನ ಪ್ರಕಾರವೇ ಯಾರೂ ತಿನ್ನುವಂತಿರಲಿಲ್ಲ.

“ಬೇಕೂಂತ ಮುಟ್ದೆ ನೀನು,” ಅಜ್ಜಿ ಕೂಗಿದಳು.

“ಹೌದು ಅತ್ತೆ. ಬೇಕೂಂತಲೇ ಮುಟ್ದೆ.”

ಅಜ್ಜಿ ಹಣೆ ಹಣೆ ಬಡಿದುಕೊಂಡಳು. ಮುಟ್ಟಿನ ಕೈ ಒಂದು ಮಗುವನ್ನು ತಿಂದದ್ದು ಸಾಲದಾಯಿತೇ, ಇದನ್ನೂ ತಿನ್ನಲು ನೀನು ಬಂದೆಯಾ ಎಂದಳು. ಅಂಥ ಮಾತು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅಮ್ಮನ ಕಣ್ಣು ತುಂಬಿತು. ತಟ್ಟೆ ಎತ್ತಿಕೊಂಡು ಹೋಗಿ ಸೌತೆಕಾಯನ್ನು ಕಸಕ್ಕೆ ಸುರಿದಳು. ಸೋಪು ಹಾಕಿ ಕೈ ತೊಳೆದು ನಲ್ಲಿ ನಿಲ್ಲಿಸಿದಳು. ನಾನು ಜಿಡ್ಡು ಕೈ ಮುಂದೆ ಚಾಚಿಕೊಂಡು ಅಲ್ಲೇ ಅಳುತ್ತ ನಿಂತಿದ್ದೆ. ಮೂಗು ಸೋರುತ್ತಿದ್ದರೂ ಒರೆಸಿಕೊಳ್ಳುವಂತಿರಲಿಲ್ಲ. ಅಮ್ಮ ತನ್ನ ಸೆರಗಿನಿಂದ ನನ್ನ ಮುಖ ಒರೆಸಿ, ‘ಸೋಪು ಹಾಕಿ ತೊಳ್ಕೋ, ಉಗುರೊಳಗೂ. ಆಮೇಲೆ ಬಂದು ನೀರು ಹುಯ್ಯಿ’ ಎಂದಳು. ತಾನು ಬೇಸಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ದಾಟಿದ್ದು ದಾಟಿಯಾಗಿದೆ, ಇನ್ನು ಹಿಂದಕ್ಕೆ ಹೋಗಿ ಚಾಪೆಯ ಮೇಲೆ ಕೂರುವುದರಲ್ಲಿ ಏನಿದೆ ಎಂದು ಅವಳಿಗೆ ಅನ್ನಿಸಿರಬೇಕು. ನೀರು ಬಸಿದು, ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ, ನಿಂಬೆರಸ ಹಚ್ಚಿ, ಮುಚ್ಚಿಟ್ಟು, ಅಷ್ಟರೊಳಗೆ ಕಲ್ಲು, ಕಟ್ಟೆ, ಗೋಡೆ, ನಲ್ಲಿಯ ಕಿವಿಯನ್ನೂ ಬಿಡದೆ ಸೋಪು ಹಾಕಿ ಉಜ್ಜಿ ಕುದಿನೀರು ಸುರಿದಳು. ಕೈ ತೊಳೆದು ಬಂದು ಸ್ಟವ್ ಹಚ್ಚಿದಳು. ಮೆಣಸು ಕರಿಬೇವು ಬಿದ್ದ ಘಮ ಏಳುತ್ತಿದ್ದಂತೆ ಒಳಗೆ ಅಜ್ಜಿ ಮಗಳಿಗೆ ಹೇಳುತ್ತಿದ್ದುದು ಹಿತ್ತಲಿಗೂ ಕೇಳಿಸಿತು.

“ಆ ಕೈಯಲ್ಲಿ ಮಾಡಿದ್ದು ತಿಂದ್ಯೋ, ನೀನು ನನ್ ಮಗಳಲ್ಲ.”

ಜಯತ್ತೆ ಎಷ್ಟೋ ಹೊತ್ತು ಕೂತೇ ಇದ್ದಳು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಹಿತ್ತಲ ಮೆಟ್ಟಿಲಿಗೆ ಬಂದು, ಅಜ್ಜಿಯ ಮಣೆಯ ಮೇಲೆಯೇ ಕೂತಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಹಾಕಿ ಅತ್ತಿಗೆ.”

“ಯೋಚ್ನೆ ಮಾಡು ಜಯಾ. ನಿಂಗೆ ಭಯ ಇದ್ರೆ ಬೇಡ. ನನಗೇನೂ ಬೇಜಾರಿಲ್ಲ.”

“ಭಯ ಇದೆ,” ಜಯತ್ತೆ ಹೇಳಿದಳು. “ಹಸಿವೂ ಇದೆ. ಹಾಕಿ.”

ಅಮ್ಮ ದಪ್ಪನೆಯ ರೆಕ್ಕೆಯೊಂದನ್ನು ಆರಿಸಿ, ಕೀಲಿನಲ್ಲಿ ಮುರಿದು, ಮೂಳೆಯ ಹತ್ತಿರ ಕೆಂಪು ಉಳಿದಿಲ್ಲ ಎಂದು ಬೆಳಕಿಗೆ ಹಿಡಿದು ನೋಡಿದ ಮೇಲೆ ಬಡಿಸಿದಳು. ಜಯತ್ತೆ ಒಂದಾದ ಮೇಲೆ ಒಂದು ತಿಂದಳು, ಅನ್ನವನ್ನೂ ಹಾಕಿಸಿಕೊಂಡಳು. ಅಷ್ಟು ತಿಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಅಜ್ಜಿ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು, ಏನೂ ತಿನ್ನದೆ ಮಲಗಿದ್ದಳು.

ಮಧ್ಯಾಹ್ನ ಜಯತ್ತೆಗೆ ಹೊಟ್ಟೆ ಹಿಡಿದುಕೊಂಡಿತು. ಚಾಪೆಯ ಮೇಲೆ ಮಗ್ಗುಲಾಗಿ ಮುದುಡಿಕೊಂಡವಳು, ಬೆಳಿಗ್ಗೆಯಿಂದ ಮಗು ಒದ್ದೇ ಇಲ್ಲ ಎಂದು ಮೆಲ್ಲಗೆ ಹೇಳಿದಳು. ಅಜ್ಜಿ ದಡಕ್ಕನೆ ಎದ್ದು ಬಂದು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ನನಗೆ ಇವತ್ತಿಗೂ ಆ ಎರಡು ಮುಖಗಳು ಕಣ್ಣ ಮುಂದೆ ಬರುತ್ತವೆ. ಒಬ್ಬಳಿಗೆ ಮುಟ್ಟಿನ ಕೈಯ ಅನ್ನದ ಭಯ, ಇನ್ನೊಬ್ಬಳಿಗೆ ತನ್ನ ಕಣ್ಣಿಗೆ ಬೀಳುವ ಮುಂಚೆಯೇ ಒಂದು ಬಿಲ್ಲೆ ಸೌತೆಕಾಯಿ ಬಾಯಿಗೆ ಹೋಗಿತ್ತೇನೋ ಎಂಬ ಭಯ. ‘ಒಂದಾದ್ರೂ ತಿಂದ್ಯಾ ಜಯಾ? ನಿಜ ಹೇಳು’ ಎಂದು ಅಮ್ಮ ಕೇಳಿದಳು. ಇಲ್ಲ ಎಂದು ಜಯತ್ತೆ ತಲೆಯಾಡಿಸಿದಳು. ಅಜ್ಜಿ ಅಮ್ಮನ ಕಡೆ ತಿರುಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಡಾಕ್ಟರನ್ನು ಕರೆಯಬೇಕೆಂದರೆ ಅಪ್ಪ ಬರಬೇಕು, ಅಪ್ಪ ಮಂಡಿಯಲ್ಲಿದ್ದ. ಪಕ್ಕದ ಮನೆಯ ಫೋನಿನಿಂದ ಹೇಳಿಕಳಿಸಲು ನಾನು ಓಡಿ ಹೋಗಿ ಬಂದೆ. ಬಂದಾಗಲೂ ಮೂವರೂ ಇದ್ದಲ್ಲೇ ಇದ್ದರು.

ಜಯತ್ತೆ ಕಣ್ಣು ಮುಚ್ಚಿಕೊಂಡೇ ಬಾಗಿಲ ಕಡೆ ಕೈ ಚಾಚಿದಳು. ‘ಅತ್ತಿಗೆ, ಬನ್ನಿ ಇಲ್ಲಿ’ ಎಂದಳು. ಅಮ್ಮ ಅಜ್ಜಿಯ ಮುಖ ನೋಡಿ ನಿಂತಲ್ಲೇ ನಿಂತಳು. ‘ಬನ್ನಿ ಅಂದೆ’ ಎಂದಳು ಜಯತ್ತೆ, ಈ ಸಲ ಗಟ್ಟಿಯಾಗಿ. ಅಮ್ಮ ಬಂದು ಮಂಡಿಯೂರಿ ಕೂತಳು. ಜಯತ್ತೆ ಅವಳ ಅಂಗೈಯನ್ನು ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಲ್ಲಿ ಅಜ್ಜಿಯ ಕೈ ಇತ್ತು. ಅಮ್ಮನ ಅರ್ಧ ಅಂಗೈ ಸೀರೆಯ ಮೇಲೆ, ಅರ್ಧ ಅಜ್ಜಿಯ ಬೆರಳುಗಳ ಮೇಲೆ ಕೂತಿತು. ಅಜ್ಜಿಯ ಮೈ ಸೆಟೆದದ್ದು ನನಗೆ ಕಂಡಿತು. ಕೈ ಎಳೆದುಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಎಳೆದುಕೊಳ್ಳಲಿಲ್ಲ. ಬೀದಿಯಲ್ಲಿ ಪಾತ್ರೆ ಕಲಾಯಿಯವನು ಕೂಗಿಕೊಂಡು ಹೋದ. ಹೊಟ್ಟೆಯ ಮೇಲೆ ಎರಡೂ ಕೈ ಅಲ್ಲಾಡದೆ ಇದ್ದವು.

ಮಗು ಒದ್ದಿತು. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು, ಇಬ್ಬರೂ ಒಟ್ಟಿಗೇ ‘ಹಾ’ ಎಂದರು. ಅಜ್ಜಿ ಆಮೇಲೂ ಕೈ ತೆಗೆಯಲಿಲ್ಲ. ಇನ್ನೊಂದು ಸಲ ಒದೆಯುವವರೆಗೂ ಹಾಗೆಯೇ ಕೂತಿದ್ದು, ಅದೂ ಆದ ಮೇಲೆ ಮೆಲ್ಲಗೆ ಎದ್ದು, ಯಾರ ಮುಖವನ್ನೂ ನೋಡದೆ, ಒಗೆದ ಸೀರೆ ಎತ್ತಿಕೊಂಡು ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು.